ಒಂದೇ ಜಾಗಕ್ಕೆ ಆಮ್ಲಜನಕ

ಮನೆಯಿಂದ,
ಮಾರ್ಚ್ ೧೦, ಭಾನುವಾರ

ನನ್ನ ಮುದ್ದು ಮಗನಿಗೆ,

ಹೇಗಿದ್ದೀಯಪ್ಪ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಕಡಿಮೆಯಾದವೇ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ಯಾರ ಮುಂದೆಯೂ ನಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಹೆಂಡತಿ ಡಾಕ್ಟರಾದಳು. ಶುಕ್ರವಾರ ಅವಳ ಪಿಎಚ್‌ಡಿ ಪರೀಕ್ಷೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವಾರವಿಡೀ ಅಡುಗೆಮನೆಯಲ್ಲಿ ನನ್ನೆದುರೇ ಅಭ್ಯಾಸ ಮಾಡಿದ್ದರಿಂದ ನನ್ನ ತಲೆಗೂ ಅಷ್ಟಿಷ್ಟು ಹತ್ತಿತ್ತು. ಔಷಧಿಯ ಒಂದು ಅಣು. ಅದರಲ್ಲಿ ಇಂಗಾಲಕ್ಕೆ ಅಂಟಿಕೊಂಡ ಹೈಡ್ರೋಜನ್‌ಗಳು ಹತ್ತಾರು, ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಒಂದೇ ಒಂದು ಜಾಗಕ್ಕೆ ಆಮ್ಲಜನಕ ಸೇರಿಸಬೇಕು, ಉಳಿದವನ್ನು ಮುಟ್ಟಕೂಡದು. ಆ ಕೆಲಸ ಮಾಡಿಸುವ ಕಬ್ಬಿಣದ ಕ್ಯಾಟಲಿಸ್ಟೋ, ಸುಲಭವಾಗಿ ಸಿಕ್ಕ ಕಡೆಗೆಲ್ಲ ಕೈಹಾಕುತ್ತಿತ್ತು. ಅಣು ಒಂದೇ ಮಗ್ಗುಲಿನಿಂದ ಹತ್ತಿರ ಬರುವಂತೆ ಇವಳು ಕಬ್ಬಿಣದ ಸುತ್ತ ಅಡ್ಡಗೋಡೆಗಳನ್ನು ಕಟ್ಟುತ್ತ ಹೋದಳು. ಎರಡು ವರ್ಷ ಸಿಕ್ಕಿದ್ದು ಬರೀ ಕಂದು ಅಂಟು. ಬೇರೆ ವಿಷಯ ಹಿಡಿ ಎಂದರು ಗೈಡ್. ಇವಳು ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೊಂದು ದಿನ ಆಮ್ಲಜನಕ ಬೇಕಾದ ಆ ಒಂದೇ ಜಾಗಕ್ಕೆ ಹೋಗಿ ಕೂತಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು, ಬಿಳಿ ಗಡ್ಡದವರು, ಕನ್ನಡಕ ತೆಗೆದು, "ಕಬ್ಬಿಣಕ್ಕೆ ಆ ಇಂಗಾಲ-ಹೈಡ್ರೋಜನ್ ಬಂಧ ಬಗ್ಗಲ್ಲ ಅಂತ ನಾನೇ ಬರೆದಿದ್ದೀನಲ್ಲಮ್ಮ" ಎಂದರು. ಇವಳು ಒಂದು ಗುಟುಕು ನೀರು ಕುಡಿದು, "ಅದನ್ನ ಓದಿದ್ದಕ್ಕೇ ಸರ್, ನನ್ನ ಫಲಿತಾಂಶನ ನಾನೇ ನಂಬಲಿಲ್ಲ. ಅದೇ ವಸ್ತುನ ಬೇರೆ ದಾರೀಲಿ ತಯಾರಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ" ಎಂದು ಪರದೆಯ ಮೇಲೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಹಾಗಾದ್ರೆ ನಾನು ತಿದ್ಕೋಬೇಕು" ಎಂದು ಎದ್ದು ಬಂದು ಕೈಕುಲುಕಿದರು. ಪಕ್ಕದಲ್ಲಿದ್ದವರು ಕೇಳದಿದ್ದರೂ "ನನ್ನ ಸೊಸೆ" ಎಂದೆ. ಮುಂದಿನ ಸಾಲಿಗೂ ಕೇಳಿಸಿತಂತೆ.

ಆರೋಗ್ಯ ನೋಡಿಕೋ. ಸುಖವಾಗಿರು ಕಂದ.

ನಿನ್ನ ಅಮ್ಮ

ಬರೆಯಲು ಮರೆತಿದ್ದೆ: ದೂರದ ಊರಿನ ಔಷಧಿ ಕಂಪನಿಯವರು ಪ್ರಯೋಗಾಲಯ ನಡೆಸಲು ಇವಳನ್ನು ಕರೆದಿದ್ದಾರೆ. "ಈ ವಯಸ್ಸಲ್ಲಿ ಅತ್ತೇನ ಎಲ್ಲಿಗೆ ಅಂತ ಎಳ್ಕೊಂಡು ಹೋಗ್ಲಿ" ಎಂದು ಒಲ್ಲೆನೆನ್ನಲು ಹೊರಟಿದ್ದಳು, ನಾನು ಬಿಡಲಿಲ್ಲ. ಪುಟ್ಟಿಗೆ ಅಲ್ಲಿ ಶಾಲೆ ವಿಚಾರಿಸಿದ್ದೇನೆ, ಮನೆ ಬಿಡುತ್ತೇವೆಂದು ಮಾಲೀಕರಿಗೂ ಹೇಳಿಯಾಯಿತು. ಹಡಗಿನಿಂದ ಇಳಿದವನು ಈ ಬಾಗಿಲು ತಟ್ಟಬೇಡ. ನಾವು ಇಲ್ಲಿರುವುದಿಲ್ಲ.