ಅಮ್ಮನಿಗೆ ಕೇಳಿಸಿದ್ದು

ರೇಡಿಯೋ ದೂರದರ್ಶಕದ ವಸತಿಗೃಹ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ತಗ್ಗಿತೇ? ಭಾವನ ಕೆಮ್ಮು? ಅಮ್ಮನ ಮರೆವು ನೀನು ನೋಡಿಹೋದಷ್ಟೇ ಇದೆ ಎಂದು ಬರೆಯಲು ನನಗೂ ಆಸೆ. ಇಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ನಾವು ಹುಡುಕುವ ಪಿಸುಮಾತು ಅದರ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಈ ಕಾಗದ.

ಪಿಸುಮಾತು ಎಂದರೆ, ಬಲು ದೂರದ ಗೆಲಾಕ್ಸಿಗಳ ತಟಸ್ಥ ಹೈಡ್ರೋಜನ್ ಅನಿಲ ಹೊರಸೂಸುವ ರೇಡಿಯೋ ಅಲೆ. ಭೂಮಿ ಹುಟ್ಟುವ ಮೊದಲೇ ಹೊರಟದ್ದು, ದಾರಿಯಲ್ಲಿ ಹಿಗ್ಗಿ ಹಿಗ್ಗಿ ಈಗ ನಮ್ಮ ಬುಟ್ಟಿಗೆ ಬೀಳುತ್ತದೆ. (ನಮ್ಮ ದೊಡ್ಡ ಆಂಟೆನಾ ಅಮ್ಮನ ಬಾಯಲ್ಲಿ ಬುಟ್ಟಿ.) ಚಳಿಗಾಲದಲ್ಲಿ ಗ್ರಾಫಿನಲ್ಲೊಂದು ಸಣ್ಣ ಉಬ್ಬು ಕಂಡಾಗ, ಅದೇ ಸಿಕ್ಕಿತೆಂದು ನಾವೆಲ್ಲ ಕುಣಿದುಬಿಟ್ಟೆವು. ಅದೇ ದಿನಗಳಲ್ಲಿ ಅಮ್ಮ, "ಯಾರೋ ಗೊಣಗ್ತಿದ್ದಾರೆ ಕಣೇ" ಅನ್ನತೊಡಗಿದಳು. ನಮ್ಮ ಹಿರಿಯ ಇಂಜಿನಿಯರಿಗೆ ಗೊಣಗಣ್ಣ ಎಂದೇ ಅಡ್ಡಹೆಸರು; ಅವರೇ ಇರಬೇಕೆಂದು ನಕ್ಕೆ. ಒಂದು ದಿನ ಊಟದ ನಡುವೆ ಅಮ್ಮ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ನಿಂತುಹೋಯ್ತು" ಎಂದಳು. ಕಚೇರಿಗೆ ಹೋಗಿ ನೋಡಿದರೆ ಉಬ್ಬೂ ಇಲ್ಲ! ರಿಸೀವರ್ ತಂಪಾಗಿಡುವ ಯಂತ್ರ ಆಗಷ್ಟೇ ಕೆಟ್ಟು ನಿಂತಿತ್ತು. ಮತ್ತೆ ಚಾಲೂ ಮಾಡಿದರೆ ಉಬ್ಬು ಹಾಜರ್. ಅದು ಆಕಾಶದ್ದಲ್ಲ, ಯಂತ್ರದ್ದು. ಜಗತ್ತಿಗೆಲ್ಲ ಸಾರಲು ಹೊರಟಿದ್ದವರು ಬಾಯಿಗೆ ಬೀಗ ಹಾಕಿಕೊಂಡೆವು.

ಯಂತ್ರ ಬದಲಾಯಿತು. ಮೊದಲಿಂದ ಶುರುಮಾಡಿದೆವು. ಮೊನ್ನೆ ಕೂದಲೆಳೆಯಷ್ಟು ಉಬ್ಬೊಂದು ಮೂಡಿತು. ಬುಟ್ಟಿಯನ್ನು ಪಕ್ಕಕ್ಕೆ ತಿರುಗಿಸಿದರೆ ಇಲ್ಲ, ಅದೇ ಜಾಗಕ್ಕೆ ತಂದರೆ ಇದೆ. ಗೊಣಗಣ್ಣನವರೇ ಕೊನೆಗೆ, "ಇದು ನಿಜ ಕಣಮ್ಮ" ಎಂದರು. ಮನೆಗೆ ಬಂದೆ. ನಾನು ಬಾಯಿ ತೆರೆಯುವ ಮುನ್ನವೇ ಅಮ್ಮ, "ಮತ್ತೆ ಶುರುವಾಗಿದೆ. ಆದ್ರೆ ಇದು ಆ ಗೊಣಗಾಟ ಅಲ್ಲ" ಎಂದಳು.

ಗೊಣಗಣ್ಣನವರನ್ನು ಕರೆತಂದೆ. ಅವರು ಗೋಡೆ, ಕೊಳಾಯಿ ಎಲ್ಲದಕ್ಕೂ ಕಿವಿ ಹಚ್ಚಿದರು, ಏನೂ ಇಲ್ಲ. "ಎಲ್ಲಿಂದ ಬರ್ತಿದೆ ತಾಯಿ?" ಎಂದು ಕೇಳಿದರು. ಅಮ್ಮ ಚಾವಣಿಯ ಮೂಲೆಗೆ ಬೆರಳು ತೋರಿಸಿದಳು. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಬೆರಳು ಪಶ್ಚಿಮಕ್ಕೆ ಸರಿದಿತ್ತು. ಗೊಣಗಣ್ಣನವರು ಪರದೆ ಸರಿಸಿದರು. ಅಂಗಳದಾಚೆ ಬುಟ್ಟಿಯೂ ಅಷ್ಟೇ ಸರಿದು, ಆ ಬೆರಳಿನ ದಿಕ್ಕಿಗೇ ಬಾಗಿತ್ತು. ಅವರು ಅವಸರದಲ್ಲಿ ಚಪ್ಪಲಿ ಅದಲುಬದಲಾಗಿ ಮೆಟ್ಟಿ ಹೊರಟುಹೋದರು. ಹೆಂಗಸರ ಕಿವಿ ಹಾವಿನ ಕಿವಿ ಎಂದು ತಮಾಷೆ ಮಾಡುವ ಮನುಷ್ಯ!

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಗುಬ್ಬಿ

ಮ.ವಿ.: ಅಂಚೆಯವನು ಕಾಯುತ್ತಿದ್ದಾನೆ. ಅಮ್ಮ ನನ್ನನ್ನು ನೀನೆಂದೇ ತಿಳಿದು ಮಾತಾಡುತ್ತಾಳೆ, ನಾನೂ ಓಗೊಡುತ್ತೇನೆ. ನಿನ್ನೆ ತಡೆಯಲಾಗದೆ, "ಗುಬ್ಬಿ ಎಲ್ಲಮ್ಮಾ?" ಎಂದೆ. "ಅವಳು ಹೋಗಿ ಎಷ್ಟು ಕಾಲವಾಯ್ತು. ದನಿ ಮಾತ್ರ ಈಗ ಬಂದು ಮುಟ್ತಿದೆ" ಎಂದು ನನ್ನ ಕೆನ್ನೆ ಸವರಿದಳು. ಬೇಗ ಬಾ ಅಕ್ಕಾ. ನಾನಿನ್ನೂ ಇದ್ದೇನೆಂದು ನೀನೇ ಅವಳಿಗೆ ಹೇಳಬೇಕು.