ನೀಲಿ ಜಾಸ್ತಿಯಾದ ನದಿ

ಜನವರಿ 9, ಬೆಳಿಗ್ಗೆ

ಪ್ರಿಂಟ್ ಪೇಪರ್ ಕಳಿಸುವ ಪೇಪರಿನವನಿಗೆ ಇವತ್ತೂ ಫೋನಿನಲ್ಲಿ ಬೈದೆ. ಈ ಸಲದ ಬಂಡಲ್ಲೂ ಹಳದಿ. ಸ್ಕ್ರೀನ್ ಮೇಲೆ ಸರಿಯಾಗಿ ಕೂರಿಸಿದ ಬಣ್ಣ, ಪ್ರಿಂಟ್ ಆಗಿ ಕೈಗೆ ಬಂದರೆ ಚಿತ್ರದ ಕಮರಿಯ ಗೋಡೆಗೆಲ್ಲ ಅರಿಶಿನ ಬಳಿದ ಹಾಗೆ. "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ" ಅಂದ. ಬೇರೆಯವರಿಗೆ ಕಣ್ಣಿಲ್ಲ ಅಂದೆ. ತಂಗಿ ಪ್ರಿಂಟರ್ ಹಿಂದೆ ನಿಂತು ಕೆಮ್ಮಿದಳು. ಶೀತವಂತೆ.

ಹೊಸ ಲೈಬ್ರರಿಯ ಮೇಡಂ 'ನಿಮ್ಮ ಪರಿಚಯ ನಾಲ್ಕು ಸಾಲು ಬರೆದುಕೊಡಿ' ಅಂದಿದ್ದಾರೆ. ಏನು ಬರೆಯಲಿ? ಅಪ್ಪನ ಸ್ಟುಡಿಯೊ, ಈಗ ಅಕ್ಕ ತಂಗಿಯರದು. ಅಕ್ಕ ಮರಳುಗಾಡಿಗೆ ಹೋಗಿ ಚಿತ್ರ ತೆಗೆದು ಬಣ್ಣ ಕೂರಿಸುತ್ತಾಳೆ, ತಂಗಿ ಒಳಗೆ ಕೂತು ಪ್ರಿಂಟ್ ಹಾಕುತ್ತಾಳೆ. ಬಣ್ಣ ಅಳೆಯುವ ಮಷಿನ್ ಇಟ್ಟುಕೊಂಡಿಲ್ಲ. ಬಣ್ಣವನ್ನು ಕಣ್ಣಿಗೇ ಬಿಡಬೇಕು — ಅಪ್ಪ ಹೇಳಿಕೊಟ್ಟದ್ದು. ಇಷ್ಟು ಬರೆದರೆ ಸಾಕು. ತಂಗಿಯ ವಿಷಯ ಬೇಕೆ? ಬೇಡ ಬಿಡು, ಪ್ರಿಂಟ್ ಹಾಕುವುದೇನು ದೊಡ್ಡ ವಿಷಯ.

ಲೈಬ್ರರಿ ಮೆಟ್ಟಿಲ ಪಕ್ಕದ ಗೋಡೆಗೆ ಐದು ಚಿತ್ರ. ಒಂದೇ ಕಮರಿ, ಕೆಳಗೆ ಅದೇ ನದಿ, ಐದು ಹೊತ್ತಿನ ಬೆಳಕು. ನಾಲ್ಕು ಮುಗಿದವು. ಬೆಳಗಿನ ಮೊದಲ ಬಿಸಿಲು ನೀರು ಮುಟ್ಟುವುದೊಂದು ಬಾಕಿ. ಸ್ಟುಡಿಯೊದ ಕೆಲಸ ಊರಿನ ಗೋಡೆ ಮೇಲೆ ನಿಲ್ಲುವುದು ಇದೇ ಮೊದಲು. ಅಪ್ಪ ಇರಬೇಕಿತ್ತು.

ಜನವರಿ 12

ಕಮರಿಯಲ್ಲಿ ಕೆಟ್ಟ ಬೆಳಗು. ಸೂರ್ಯನ ಸುತ್ತ ಬಳೆ ಬಳೆ. ಲೆನ್ಸ್ ಒರೆಸಿದೆ, ಮತ್ತೆ ಒರೆಸಿದೆ. ಬಳೆ ಹೋಗಲಿಲ್ಲ. ಫೋಕಸ್ ಎಲ್ಲೋ, ನದಿ ಎಲ್ಲೋ.

ವಾಪಸ್ ಬರುವಾಗ ಜೀಪಿನವನು ಮೆಲ್ಲಗೆ, "ಮೇಡಂ, ಬೇಜಾರಾಗಬೇಡಿ. ಅಲ್ಲಿ ಜಾಗ ಬಿಡಪ್ಪ, ಫ್ರೇಮಲ್ಲಿ ಬರ್ತೀಯ ಅಂತ ಯಾರಿಗೋ ಕೂಗಿದ್ರಲ್ಲ..."

"ಹೂಂ. ಜಾಗ ಬಿಡಲೇ ಇಲ್ಲ, ಕೊಬ್ಬು."

"ಅದು ಬಂಡೆ ಮೇಡಂ."

ನಾಳೆ ಕಣ್ಣಿನ ಡಾಕ್ಟರ್.

ಜನವರಿ 13

ಪೊರೆ. ಎರಡೂ ಕಣ್ಣಿಗೆ, ಚೆನ್ನಾಗಿ ಬಲಿತಿದೆಯಂತೆ. ಆಪರೇಷನ್ ಬಲಗಣ್ಣಿಗೆ ಮೊದಲು, ಎಡದ್ದಕ್ಕೆ ಒಂದು ತಿಂಗಳು ಬಿಟ್ಟು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಟಾರ್ಚ್ ಹಿಡಿದು ತುಂಬ ಹೊತ್ತು ನೋಡಿದಳು. "ಏನು ಕೆಲಸ ಮಾಡ್ತೀರ ಅಮ್ಮ?" ಹೇಳಿದೆ. ಟಾರ್ಚ್ ಆರಿಸಿದಳು. "ಈ ಕಣ್ಣಿಟ್ಕೊಂಡಾ?" ಅಂದಳು.

ಭಯವಾಗಿದೆ. ತಂಗಿಗೆ ಹೇಳಿಲ್ಲ. ಹೇಳದೆಯೂ ಅವಳಿಗೆ ಗೊತ್ತು.

ಜನವರಿ 28

ಬರೆಯಬಹುದು ಅಂದರು. ಆಪರೇಷನ್ ಮುಗಿದು ಬಲಗಣ್ಣು ತೆರೆದಿದೆ.

ಬಿಳಿ ಅಂದರೆ ಇದಾ! ಪರದೆ ಬಿಳಿ. ಅದು ಕೆನೆ ಬಣ್ಣದ್ದು ಅಂತ ನಾನು ಅಂಗಡಿಯವನ ಜೊತೆ ಜಗಳವಾಡಿದ್ದೆ. ಬಾತ್‌ರೂಮಿನ ಟೈಲ್ ಬಿಳಿ. ತಂಗಿಯ ತಲೆಯೂ ಬಿಳಿ.

"ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತೇ?"

"ಆಗಿ ಎರಡು ವರ್ಷ ಆಯ್ತು. ನೀನು ನೋಡಿದ್ದು ಇವತ್ತು."

ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು. ಎಡಗಣ್ಣಿಗೆ ಕೋಣೆ ಹಳೇ ಪತ್ರಿಕೆಯ ಬಣ್ಣ, ಬಲಗಣ್ಣಿಗೆ ಈಗತಾನೇ ಒಗೆದು ಹಾಕಿದ್ದು. ದಿನವಿಡೀ ಇದೇ ಆಟ. ನಗು ತಡೆಯಲಾಗಲಿಲ್ಲ. ಮಕ್ಕಳ ಹಾಗೆ ಕುಣಿಯಬೇಕು ಅನಿಸಿತು, ಆದರೆ ಬಗ್ಗಬಾರದು, ಕುಣಿಯಬಾರದು.

ಫೆಬ್ರವರಿ 2, ಮಧ್ಯಾಹ್ನ

ಕಂಪ್ಯೂಟರ್ ಮುಂದೆ ಕೂತೆ. ಲೈಬ್ರರಿಯ ನಾಲ್ಕು ಚಿತ್ರ ತೆರೆದೆ. ನಾನೇ ಬಣ್ಣ ಕೂರಿಸಿದ್ದು.

ನೀಲಿ. ಪೂರ್ತಿ ನೀಲಿ. ಬಂಡೆ ನೀಲಿ, ಮರಳು ನೀಲಿ, ನದಿಗಂತೂ ಯಾರೋ ಶಾಯಿ ಬಾಟಲಿ ಕವುಚಿದ್ದಾರೆ.

ಎಡಗಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿಸಿದ ಪ್ರಿಂಟ್ ನೋಡಿದೆ. ಅದೇ ನಾಲ್ಕು ಚಿತ್ರ. ಬಂಡೆ ಕೆಂಪಗಿದೆ, ಮರಳು ಮರಳಿನ ಹಾಗಿದೆ. ನಾನು ಹಳದಿ, ಹಳದಿ ಎಂದು ಪೇಪರಿನವನ ಪ್ರಾಣ ತಿಂದ ಪ್ರಿಂಟ್‌ಗಳು ಇವೇ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ನನ್ನ ಪೊರೆಗಣ್ಣಿಗೂ ಹಾಗೇ. ಕಂಡ ಹಳದಿಯನ್ನು ಕೊಲ್ಲಲು ಎರಡು ವರ್ಷ ನೀಲಿ ಸುರಿದಿದ್ದೇನೆ. ಸುರಿದದ್ದನ್ನು ಪ್ರಿಂಟ್ ಹಾಕುವ ಮೊದಲು ಯಾರೋ ಬಳಿದು ತೆಗೆದಿದ್ದಾರೆ.

ಯಾರೋ ಏನು. ಮನೆಯಲ್ಲಿ ಇರುವುದೇ ಇಬ್ಬರು.

"ನನ್ನ ಚಿತ್ರಕ್ಕೆ ಕೈ ಹಾಕು ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೀಲಿ ಬಂಡೆ ಹೊರಗೆ ಹೋದ್ರೆ ಜನ ನಗೋದು ನಿನ್ನ ನೋಡಿ."

"ಬಾಯಲ್ಲಿ ಹೇಳಬಹುದಿತ್ತಲ್ಲ!"

"ಪೇಪರಿನವನು ಹೇಳ್ದ. ಅವನ ಗತಿ ಏನಾಯ್ತು ಅಂತ ನೋಡಿದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಅವಳ ಲೆಕ್ಕ ಅದು. ನನಗೆ ಮಾತ್ರ ಮುಖ ಎತ್ತಲಾಗದಷ್ಟು ಅವಮಾನವಾಯಿತು. ಜನ ಮೆಚ್ಚಿದ ಆ ಎರಡು ವರ್ಷದ ಚಿತ್ರ ಯಾರದು? ಐದನೆಯದನ್ನು ತೆಗೆಯಲು ನಾನು ಯಾರು? ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಅಂದಿದ್ದಾಳೆ ಡಾಕ್ಟರಮ್ಮ. ಒಂದೇ ಕಣ್ಣಲ್ಲಿ ಅಳುವುದು ಹೇಗೆ ಅಂತಲೂ ಹೇಳಿಕೊಡಬೇಕಿತ್ತು.

ಫೆಬ್ರವರಿ 3

ತಂಗಿ ಟೀ ತಂದಿಟ್ಟು ಹೋದಳು. ಕುಡಿದೆ. ಟೀ ಮೇಲೇಕೆ ಸಿಟ್ಟು.

ಫೆಬ್ರವರಿ 9

ಡಾಕ್ಟರಮ್ಮ ಹೊರಗೆ ಹೋಗಬಹುದು ಅಂದಳು. ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬಳೇ ಕಮರಿಗೆ. ತಂಗಿಗೆ ಹೇಳಲಿಲ್ಲ.

ಅಂಚಿನಲ್ಲಿ ನಿಂತು ಕನ್ನಡಕ ತೆಗೆದೆ. ಅಯ್ಯೋ, ಗೋಡೆಯಲ್ಲಿ ಇಷ್ಟೊಂದು ಪದರ ಇತ್ತಾ? ಗುಲಾಬಿ, ಇಟ್ಟಿಗೆ, ನೇರಳೆ, ನಡುವೆ ಸುಣ್ಣದ ಗೆರೆ. ಬಿಸಿಲು ಮೇಲಿನ ತುದಿ ಹಿಡಿದು ಒಂದೊಂದೇ ಪದರ ಇಳಿಯುತ್ತಾ ಬಂತು. ಹೊಟ್ಟೆ ತುಂಬಿತು.

ಆದರೆ ಕೆಳಗೆ ನೆರಳಲ್ಲಿದ್ದ ನದಿ... ಬಲಗಣ್ಣು ಹಸಿರು ಅನ್ನುತ್ತದೆ. ಎಡಗಣ್ಣು ಕೆಸರು ಅನ್ನುತ್ತದೆ. ಹೊಸ ಕಣ್ಣಿನ ಮಾತು ನಂಬಲೇ? ಹಳೆಯದನ್ನೂ ನಂಬಿಯೇ ಇದ್ದೆನಲ್ಲ, ಪ್ರಮಾಣ ಮಾಡಿ ಹೇಳುವಷ್ಟು. ಈಗ ನನ್ನ ಮುಖದ ಮೇಲೇ ಅಕ್ಕ ತಂಗಿಯರ ಜಗಳ. ಈ ಯೋಚನೆಯಲ್ಲೇ ಬಿಸಿಲು ನೀರಿಗೆ ಬಿತ್ತು, ಬಟನ್ ಒತ್ತಲು ಮರೆತೆ.

ಬೇರೆಯವರನ್ನು ನೋಡಿಕೊಳ್ಳಿ ಎನ್ನಲು ಲೈಬ್ರರಿ ಮೇಡಂಗೆ ಫೋನ್ ಮಾಡಿ, ರಿಂಗ್ ಆಗುತ್ತಿದ್ದಂತೆ ಕಟ್ ಮಾಡಿದೆ. ಅವರೇ ವಾಪಸ್ ಮಾಡಿದರು. "ಐದನೇದು ರೆಡಿನಾ?" ಬರ್ತಾ ಇದೆ ಅಂದೆ. ಬಾಯಿಗೆ ಏನು, ಏನು ಬೇಕಾದರೂ ಹೇಳುತ್ತದೆ.

ಫೆಬ್ರವರಿ 11

ಕೊನೆಗೆ ನಾನೇ ಕೇಳಿದೆ. ಪ್ರಿಂಟಿಂಗ್ ಕೋಣೆಯ ಬಾಗಿಲಲ್ಲಿ ನಿಂತು. ಒಳಗೆ ಹೋಗಲು ಬಿಗುಮಾನ.

"ನೀನು ಕಮರಿಗೆ ಬರೋದೇ ಇಲ್ಲ. ಸ್ಟೂಲ್ ಹತ್ತಿದ್ರೂ ತಲೆಸುತ್ತು ನಿನಗೆ. ಬಣ್ಣ ಯಾವ್ದು ಸರಿ ಅಂತ ಹೇಗೆ ಗೊತ್ತಾಯ್ತು?"

ಪೇಪರ್ ಕತ್ತರಿಸುತ್ತಲೇ ಹೇಳಿದಳು. "ಒಂದ್ಸಲ ನೋಡಿದೀನಲ್ಲ. ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ಮಧ್ಯಾಹ್ನ. ನದಿ ಹಾಲು ಜಾಸ್ತಿ ಆದ ಟೀ ಥರ ಇತ್ತು. ನೀನು ಟ್ರೈಪಾಡ್ ಹಿಡ್ಕೊಂಡು ಬಿಂಕ ಮಾಡ್ತಿದ್ದೆ. ಅದನ್ನೇ ನೆನಪು ಮಾಡ್ಕೊಂಡು ಬಣ್ಣ ತರ್ತೀನಿ, ಪ್ರತಿ ಸಲ."

ಕತ್ತರಿಸುವುದನ್ನು ಮುಗಿಸಿ ಅಂಚು ಸವರಿದಳು. ಹೆಗಲ ಮೇಲಿನ ಆ ಪುಟ್ಟ ಹುಡುಗಿ ಕಂಡ ನದಿಯನ್ನು ನನ್ನ ಹೆಸರು ಹಾಕಿ ಮಾರಿದ್ದೇವೆ. ಸಿಟ್ಟು ಎಲ್ಲಿ ಹೋಯಿತೋ. ಅವಳ ಮೇಲೆ ತಡೆಯಲಾಗದಷ್ಟು ಪ್ರೀತಿ ಬಂತು. ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

"ನಾಡಿದ್ದು ಬೆಳಿಗ್ಗೆ ನನ್ನ ಜೊತೆ ಬಾ."

"ಅಂಚಿಗಾ? ಹುಚ್ಚಾ ನಿನಗೆ?"

"ಒಂದು ಕಣ್ಣು ಕಡಿಮೆ ಇದೆ ಕಣೇ. ಸಾಲ ಕೊಡು."

ಫೆಬ್ರವರಿ 13

ಬಂದಳು. ಜೀಪಿನಿಂದ ಇಳಿಯಲಿಲ್ಲ. ಸೀಟು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಳು. ಜೀಪಿನವನು ನೀರು ಕೊಟ್ಟ. ವಾಪಸ್ ಬಂದೆವು. ನಾನು ಬೈಯಲಿಲ್ಲ, ಅದಕ್ಕೇ ಅವಳು ಹೆಚ್ಚು ಹೆದರಿದಳು.

ಸಂಜೆ ಲೈಬ್ರರಿ ಮೇಡಂಗೆ ಹೊಸ ಪರಿಚಯ ಕಳಿಸಿದೆ. ಚಿತ್ರಗಳ ಕೆಳಗೆ ಎರಡು ಹೆಸರು ಇರಲಿ ಅಂದೆ. ತಂಗಿಗೆ ಈಗಲೇ ಹೇಳುವುದಿಲ್ಲ. ಹೇಳಿದರೆ ಬೇಡ ಅಂತ ರಂಪ ಮಾಡುತ್ತಾಳೆ.

ಪೇಪರಿನವನಿಗೂ ಫೋನ್ ಮಾಡಿದೆ. ಪೇಪರ್ ಚೆನ್ನಾಗಿದೆ ಅಂದೆ. ಗಾಬರಿಯಾದ. "ಏನಾಯ್ತು ಮೇಡಂ, ಆರೋಗ್ಯ ಸರಿ ಇದೆಯಾ?"

ಫೆಬ್ರವರಿ 16, ಬೆಳಿಗ್ಗೆ, ಕಮರಿಯ ಅಂಚಿನಲ್ಲಿ

ತಂಗಿ ತಾನಾಗೇ ಎದ್ದು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಜೀಪಿನಿಂದ ಇಲ್ಲಿಯವರೆಗೆ ಕೂತುಕೊಂಡೇ ಜರುಗಿದಳು. ದಾರಿಯುದ್ದಕ್ಕೂ ನನಗೆ ಬೈಗುಳ, ಕ್ಯಾಮೆರಾಗೆ ಬೈಗುಳ, ಹೆಗಲ ಮೇಲೆ ಕೂರಿಸಿದ್ದಕ್ಕೆ ಅಪ್ಪನಿಗೂ ಒಂದು. ಈಗ ನನ್ನ ಪಕ್ಕ ಬಂಡೆಗೆ ಅಂಟಿ ಕೂತಿದ್ದಾಳೆ, ಎರಡೂ ಕೈಯಲ್ಲಿ ನನ್ನ ಕಾಲು ಹಿಡಿದುಕೊಂಡು. ಕಾಲು ಜೋಮು ಹಿಡಿದಿದೆ. ಇರಲಿ.

ಬಿಸಿಲು ಇನ್ನೂ ಮೇಲಿನ ಪದರದಲ್ಲಿದೆ. ಇಳಿಯಲು ಹೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನದಿಯ ಬಣ್ಣ ನನಗೇನು ಕಾಣುತ್ತದೆಂದು ಅವಳಿಗೆ ಹೇಳಿರಲಿಲ್ಲ. ತುಂಬ ಹೊತ್ತು ಕಣ್ಣು ಮುಚ್ಚಿಯೇ ಇದ್ದಳು. ಆಮೇಲೆ ಒಂದೇ ಸಲಕ್ಕೆ ತೆರೆದಳು. ಉಸಿರು ಬಿಡಲಿಲ್ಲ.

"ಅಕ್ಕಾ... ಹಸಿರು."

"ಏನು?"

"ನದಿ ಕಣೇ. ಹಸಿರಾಗಿದೆ. ಟೀ ಅಲ್ವೇ ಅಲ್ಲ. ನೀನು ಹೀಗೇ ತಂದುಕೊಟ್ಟಿದ್ರೂ ನಾನು ಕೂತು ಟೀ ಮಾಡಿಬಿಡ್ತಿದ್ದೆ!"

ಎಡಗಣ್ಣು ಮುಚ್ಚಿ ನೋಡಿದೆ. ಹಸಿರು. ಅಚ್ಚ ಹಸಿರು. ನನ್ನ ಕಣ್ಣು ಸರಿ ಇದೆ. ಸರಿ ಇದೆ! ಇಬ್ಬರೂ ನಕ್ಕೆವು, ನಗು ಎದುರಿನ ಗೋಡೆಗೆ ಹೋಗಿ ವಾಪಸ್ ಬಂತು. ಎಡದ್ದಕ್ಕೂ ಮುಂದಿನ ವಾರ ಆಪರೇಷನ್. ನನಗೆ ಒಂಚೂರೂ ಭಯವಿಲ್ಲ.

ಬಿಸಿಲು ಸುಣ್ಣದ ಗೆರೆ ದಾಟಿತು. ಫೋಕಸ್ ಮಾಡಿಟ್ಟಿದ್ದೇನೆ. ರಿಮೋಟ್ ಅವಳ ಮಡಿಲಿಗೆ ಹಾಕಿ, ಈ ಸಲ ನೀನೇ ಒತ್ತು ಅಂದೆ. ಒತ್ತಬೇಕಾದರೆ ನನ್ನ ಕಾಲು ಬಿಡಬೇಕು. ರಿಮೋಟ್ ನೋಡಿದಳು, ಕಾಲು ನೋಡಿದಳು, ಕೆಳಗೆ ನೋಡಿದಳು.

"ಬಿಡ್ಲಾ ಅಕ್ಕ?"

ಬಿಡು ಅಂದೆ. ಒಂದು ಕೈ ಬಿಟ್ಟಳು. ನೀರಿನ ಅಂಚಿಗೆ ಬೆಳಕು ಬಂತು... ಇನ್ನೊಂದು ಕೈಯನ್ನೂ ಬಿಟ್ಟು ರಿಮೋಟ್ ಒತ್ತಿದಳು.