ಇಟಲಿಯವರ ಆಟಕ್ಕೆ ಮಂಗಳವಿಲ್ಲ

ಶ್ರೀ ಪಾರ್ಶ್ವನಾಥಾಯ ನಮಃ

ಹುಂಚ,
೧೯೩೬ನೇ ಇಸವಿ ಫೆಬ್ರವರಿ ೧೮, ಮಂಗಳವಾರ

ಹೊಸನಗರದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ನಮ್ಮ ಯಜಮಾನರಿಗೆ ಜ್ವಾಲಾಮಾಲಿನಿಯ ನಮಸ್ಕಾರಗಳು.

ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂಬ ಸಾಲಿನಿಂದ ಕಾಗದ ಶುರುಮಾಡುವುದು ರೂಢಿ. ಅದರ ಮೊದಲ ಅರ್ಧವನ್ನು ಈ ಸಲ ಬಿಟ್ಟಿದ್ದೇನೆ. ಯಾಕೆಂದು ಓದುತ್ತಾ ತಿಳಿಯುತ್ತದೆ. ಹರಿದು ಹಾಕುವ ಮನಸ್ಸಿದ್ದರೆ ಪೂರ್ತಿ ಓದಿ ಹರಿಯಿರಿ. ಅರ್ಧ ಓದಿ ಹರಿದರೆ ಆಮೇಲೆ ಚೂರು ಜೋಡಿಸುತ್ತಾ ಕೂರುವವರು ನೀವೇ, ನಿಮ್ಮನ್ನು ನಾನು ಬಲ್ಲೆ.

ಕಾರ್ತಿಕದಲ್ಲಿ ನಾನು ತವರಿನಿಂದ ಬರೆದ ಕಾಗದವನ್ನು ನೀವು ಮರೆತಿರಲಾರಿರಿ. ನಿಮ್ಮೊಡನೆ ಬಾಳಿದ್ದು ಸಾಕಾಗಿದೆ, ಕರೆಯಲು ಬರಬೇಡಿ ಎಂಬ ಎರಡೇ ಸಾಲು. ನೀವು ಮೂರು ಕಾಗದ ಹಾಕಿದಿರಿ, ನಾನು ಉತ್ತರಿಸಲಿಲ್ಲ. ಮೊದಲನೆಯದರಲ್ಲಿ ಸಿಟ್ಟಿತ್ತು, ಎರಡನೆಯದರಲ್ಲಿ ಅಂಗಲಾಚಿದ್ದಿರಿ, ಮೂರನೆಯದರಲ್ಲಿ 'ಸರಿ' ಎಂದು ಒಂದೇ ಪದ. ಪಕ್ಕದ ಮನೆಯ ಹಸು ಕರು ಹಾಕಿತೆಂದು ಹೇಳಲಿಕ್ಕೂ ಕಾಲು ಗಂಟೆ ತೆಗೆದುಕೊಳ್ಳುವ ನೀವು ಒಂದೇ ಪದ ಬರೆದಿರಿ. ಅದು ಬಂದ ದಿನ ನನಗೆ ಊಟ ಸೇರಲಿಲ್ಲ.

ಇರಲಿ, ಮೊದಲು ಒಂದು ತಮಾಷೆಯ ಸುದ್ದಿ. ಹೋದ ವಾರ ಬೆಂಗಳೂರಿಗೆ ಹೋಗಿದ್ದೆ. ಮನೆಯ ಹಿರಿಯರೊಬ್ಬರು ಕರೆದುಕೊಂಡು ಹೋಗಿದ್ದರು. ಇಳಿದುಕೊಂಡದ್ದು ಬಟ್ಟೆ ವ್ಯಾಪಾರಿ ಜಯಕೀರ್ತಿಯವರ ಮನೆಯಲ್ಲಿ. ಆಗ ಅಲ್ಲಿನ ದಂಡು ಪ್ರದೇಶದಲ್ಲಿ ಇಟಲಿ ದೇಶದ ನಾಟಕ ಕಂಪನಿಯೊಂದು ಬೀಡುಬಿಟ್ಟಿತ್ತು. ಊರೂರು ತಿರುಗಿ ಅವರ ಪರದೆ ಹರಿದುಹೋಗಿತ್ತಂತೆ, ಹೊಸದಕ್ಕೆ ಮಖಮಲ್ಲು ಕೊಟ್ಟವರು ಜಯಕೀರ್ತಿಯವರು. ಕಂಪನಿಯವರು ಖುಷಿಯಾಗಿ ಅವರಿಗೆ ಮೂರು ಟಿಕೇಟು ಕೊಟ್ಟಿದ್ದರು. ಮೊನ್ನೆ ಭಾನುವಾರ ಮಧ್ಯಾಹ್ನದ ಆಟ. ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಉಣ್ಣಬಹುದಲ್ಲ ಎಂದು ನಾವು ಒಪ್ಪಿದೆವು.

ಆಪೆರಾ ಅನ್ನುತ್ತಾರೆ ಅದಕ್ಕೆ. ಮಾತೇ ಇಲ್ಲ, ಎಲ್ಲ ಹಾಡು. ನೀರು ಬೇಕಾದರೂ ಹಾಡಿಯೇ ಕೇಳಬೇಕು. ಭಾಗವತರಿಲ್ಲ, ಅವರವರ ಹಾಡು ಅವರವರೇ ಹಾಡಿಕೊಳ್ಳುತ್ತಾರೆ. ಅದೂ ಮೂವರು ನಾಲ್ವರು ಒಟ್ಟಿಗೆ, ಒಬ್ಬರ ಮಾತು ಇನ್ನೊಬ್ಬರು ಕೇಳದೆ, ಹಪ್ಪಳ ಒತ್ತಲು ಕೂತ ನಮ್ಮ ಹೆಂಗಸರ ಹಾಗೆ. ಪರದೆ ಎದ್ದದ್ದೇ ರಾತ್ರಿಯೂಟದ ಸಂಭ್ರಮ. ಎಲ್ಲರ ಕೈಯಲ್ಲೂ ಲೋಟ, ಲೋಟದಲ್ಲಿ ಏನೆಂದು ಕೇಳಬೇಡಿ. ಕತ್ತಲಾದ ಮೇಲೆ ಹೀಗೆ ತಿಂದು ಕುಡಿಯುವ ಇವರಿಗೆ ಒಳ್ಳೆಯದಾಗಲಿಕ್ಕಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಕಥೆಯ ಹೆಂಗಸಿಗೆ ಕ್ಷಯವಂತೆ. ಆಳು ನೋಡಿದರೆ ನಮ್ಮ ಜಿನಮ್ಮತ್ತೆಯ ಎರಡರಷ್ಟು! ಕೆಮ್ಮುತ್ತಾಳೆ, ಮರುಗಳಿಗೆಗೆ ಮಾಡು ಹಾರಿಹೋಗುವಂಥ ಸ್ವರ ತೆಗೆಯುತ್ತಾಳೆ. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಆ ಕಾಯಿಲೆಯವರಿಗೆ ಅಷ್ಟು ಉಸಿರಿರುವುದಿಲ್ಲ. ಬಸದಿಯ ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ಕೂರಬೇಕಾಗುತ್ತದೆ. ನನಗೆ ಗೊತ್ತು.

ಹೌದು, ನನಗೆ ಗೊತ್ತು. ಬರೆದಾಯಿತು, ಇನ್ನು ಹೊಡೆದುಹಾಕುವುದಿಲ್ಲ. ನವರಾತ್ರಿಗೆ ತವರಿಗೆ ಬಂದೆನಲ್ಲ, ಆಗಲೇ ಸಂಜೆ ಸಂಜೆ ಜ್ವರ ಬರುತ್ತಿತ್ತು. ಇಲ್ಲಿನ ಪಂಡಿತರು ನಾಡಿ ನೋಡಿ ಕ್ಷಯವಿರಬಹುದು ಅಂದರು. ಬೆಂಗಳೂರಿಗೆ ಹೋದದ್ದು ಆಸ್ಪತ್ರೆಗೆ. ಗಾಬರಿಯಾಗಬೇಡಿ, ಮುಂದೆ ಓದಿ.

ಎರಡನೆಯ ಅಂಕಕ್ಕೆ ನನ್ನ ನಗು ನಿಂತಿತು. ಆ ಹೆಂಗಸು ತನ್ನ ಪ್ರಿಯನ ಜೊತೆ ಹಳ್ಳಿಯ ಮನೆಯಲ್ಲಿ ಸುಖವಾಗಿದ್ದಾಳೆ. ಅವನಿಲ್ಲದ ಹೊತ್ತು ನೋಡಿ ಅವನ ತಂದೆ ಬರುತ್ತಾನೆ, ಬಿಳಿ ಗಡ್ಡ, ಕೈಯಲ್ಲಿ ಕೋಲು. ಇಬ್ಬರೂ ಬಹಳ ಹೊತ್ತು ಹಾಡಿದರು. ಏನಂತೆ ಎಂದು ಕೇಳಿದೆ. ಜಯಕೀರ್ತಿಯವರು ಕೈಯಲ್ಲಿದ್ದ ಇಂಗ್ಲಿಷ್ ಹಾಳೆ ನೋಡಿಕೊಂಡು, "ಅವಳ ಹಿಂದಿನ ಬದುಕು ನೆಟ್ಟಗಿಲ್ಲವಂತೆ ಕಣಮ್ಮ. ಮಗ ಇವಳ ಜೊತೆ ಇದ್ರೆ ಮಗಳ ಮದುವೆ ನಿಂತುಹೋಗುತ್ತಂತೆ. ಅವನನ್ನ ಬಿಟ್ಟುಬಿಡು ಅಂತ ಬೇಡ್ತಾ ಇದಾರೆ" ಅಂದರು. ಅವಳು ಅತ್ತಳು, ಒಪ್ಪಿದಳು, ಮೇಜಿನ ಮುಂದೆ ಕೂತು ಕಾಗದ ಬರೆದಳು.

ನಮ್ಮ ಜಗಲಿಯ ಮಾತನ್ನು ಸಮುದ್ರದಾಚೆಯವರಿಗೆ ಹೇಳಿದವರು ಯಾರು?

ಕಾರ್ತಿಕದಲ್ಲಿ ಮಾವನವರು ಇಲ್ಲಿಗೆ ಬಂದಿದ್ದರು. ಪಂಡಿತರಿಂದ ಸುದ್ದಿ ಅವರಿಗೆ ಮುಟ್ಟಿತ್ತು. ಕೊಟ್ಟ ಬೆಲ್ಲ ನೀರು ಮುಟ್ಟದೆ ಜಗಲಿಯ ತುದಿಯಲ್ಲಿ ಕೂತು, "ಪದ್ದಿ ಮದ್ವೆ ಆಗೋ ತನ್ಕ ಇಲ್ಲೇ ಇದ್ದುಬಿಡು ಮಗಾ. ಅವಂಗೆ ಗೊತ್ತಾದ್ರೆ ಒಂದ್ ಗಳಿಗೆ ನಿಲ್ಲಲ್ಲ, ಇಲ್ಲಿಗೇ ಓಡಿ ಬರ್ತಾನೆ. ಆಮೇಲೆ ಊರಿಗೆಲ್ಲ ಗೊತ್ತಾಗ್ತದೆ. ಕ್ಷಯದ ಮನೆ ಹೆಣ್ಣು ಅಂದ್ರೆ ಸಾಗರದೋರು ಸಂಬಂಧ ಮುರೀತಾರೆ. ಅವ ಬರದ ಹಾಗೆ ಎಂತಾರು ಬರಿ" ಅಂದರು. ಪದ್ಮಲತಾ ನಿಮಗೆ ತಂಗಿ, ನನಗೆ, ಅವಳು ಏಳು ವರ್ಷದವಳಿದ್ದಾಗಿನಿಂದ ಜಡೆ ಹಾಕಿ ಬೆಳೆಸಿದ ಕೂಸು. ಒಪ್ಪಿದೆ. ಆ ಎರಡು ಸಾಲು ಅವರು ಹೇಳಿದ್ದು, ಅಕ್ಷರ ಮಾತ್ರ ನನ್ನದು. ಬರೆದು ಮುಗಿಸಿದ ಮೇಲೆ ದೊಡ್ಡ ತ್ಯಾಗ ಮಾಡಿದೆನೆಂದು ಸ್ವಲ್ಪ ಜಂಬವೂ ಬಂದಿತ್ತು. ಸುಳ್ಳು ಹೇಳಬಾರದು.

ಆಟದ ಕೊನೆಯಲ್ಲಿ ಅವಳು ಹಾಸಿಗೆ ಹಿಡಿದಿದ್ದಾಳೆ. ನಿಜ ತಿಳಿದು ಪ್ರಿಯ ಓಡಿಬಂದ. ಆ ತಂದೆಯೂ ಬಂದ, ಮಗಳೇ ಎಂದು ತಬ್ಬಿಕೊಂಡ. ಏನು ಬಂತು? ಅವಳಲ್ಲಿ ಉಳಿದದ್ದು ಒಂದು ಹಾಡಿಗಾಗುವಷ್ಟು ಉಸಿರು. ಹಾಡಿದಳು, ಎದ್ದು ನಿಂತಳು, ಬಿದ್ದಳು. ಪರದೆ ಇಳಿಯಿತು.

ಜನ ಚಪ್ಪಾಳೆ ತಟ್ಟಿ ಎದ್ದರು. ನಾವು ಏಳಲಿಲ್ಲ. ನಮ್ಮ ಕಡೆ ಎಂಥ ಆಟವಾದರೂ, ಯಾರು ಸತ್ತರೂ ಕೆಟ್ಟರೂ, ಕೊನೆಗೆ ಮಂಗಳ ಹಾಡದೆ ಮುಗಿಯುವುದುಂಟೇ? ಮಂಗಳ ಕೇಳದೆ ಎದ್ದುಹೋದರೆ ಆಟದ ಅಮಂಗಳ ಮನೆಗೆ ಬರುತ್ತದೆ ಎಂದು ಅಮ್ಮ ಚಿಕ್ಕಂದಿನಲ್ಲಿ ಹೆದರಿಸಿದ್ದಳು. ಪರದೆ ಮತ್ತೆ ಎದ್ದಿತು. ಸತ್ತವಳು ಆ ತಂದೆಯ ಕೈ ಹಿಡಿದುಕೊಂಡು ಬಂದು ನಿಂತಾಗ, ಇಗೋ ಈಗ ಹಾಡುತ್ತಾರೆ ಎಂದು ಕೈ ಮುಗಿದೆ. ಬಗ್ಗಿದರು, ನಕ್ಕರು, ಹೋದರು. ನಾವು ಕೂತೇ ಇದ್ದೆವು. ಕಸ ಗುಡಿಸುವವನು ನಮ್ಮ ಸಾಲಿಗೆ ಬಂದ. ಬಾಗಿಲ ತನಕ ಹೋಗಿದ್ದ ಜಯಕೀರ್ತಿಯವರು ತಿರುಗಿ ಬಂದು, "ಇವರಲ್ಲಿ ಮಂಗಳ ಅಂತ ಇಲ್ಲ ಕಣಮ್ಮ. ಸತ್ತರೆ ಮುಗೀತು, ಅಷ್ಟೇ" ಅಂದರು. ಹೊರಗೆ ಬಂದಾಗ ಹೊತ್ತು ಮುಳುಗಿತ್ತು, ಊಟ ತಪ್ಪಿತು. ಹಸಿವೆಯೂ ಇರಲಿಲ್ಲ.

ದಾರಿಯುದ್ದಕ್ಕೂ ಅದೇ ಯೋಚನೆ. ನಾನು ಸಾಯುವ ದಿನ ನೀವು ಓಡಿಬರುತ್ತೀರಿ, ತಬ್ಬಿಕೊಂಡು ಅಳುತ್ತೀರಿ, ಅಷ್ಟರೊಳಗೆ ನಾಲ್ಕು ತಿಂಗಳೋ ನಾಲ್ಕು ವರ್ಷವೋ ನನ್ನನ್ನು ದ್ವೇಷಿಸಿ ಸವೆದಿರುತ್ತೀರಿ. ಅಂಥ ತ್ಯಾಗ ನನಗೆ ಬೇಡ. ನನಗೆ ನೀವು ಬೇಕು. ಒಂದು ದಿನವೂ ಬೇಡವೆನ್ನಿಸಿದ್ದಿಲ್ಲ.

ಡಾಕ್ಟರರು ಎದೆಯ ಫೋಟೋ ತೆಗೆದು ನೋಡಿದರು. ಎಡಗಡೆ ಮೇಲೆ ಸ್ವಲ್ಪ ಮಾತ್ರ ಹಿಡಿದಿದೆಯಂತೆ. ಹಾಲು, ಗಾಳಿ, ಬಿಸಿಲು, ಎರಡು ವರ್ಷ ಪೂರ್ತಿ ವಿಶ್ರಾಂತಿ ಸಿಕ್ಕರೆ ವಾಸಿಯಾಗಬಹುದು ಅಂದರು. ಆಗುತ್ತದೆ ಅನ್ನಲಿಲ್ಲ, ಆಗಬಹುದು ಅಂದರು. ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದೇನೆ. ಬಂದರೆ ನೀವು ಜಗಲಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ದೊಡ್ಡ ದನಿಯ ಮೇಷ್ಟ್ರಿಗೆ ಅದೇನು ದೂರವಲ್ಲ.

ಪದ್ಮಲತಾಳ ಮದುವೆ ವೈಶಾಖದಲ್ಲಿ. ಅಲ್ಲಿಯ ತನಕ ಬರಬೇಡಿ ಎಂದು ಬರೆಯುವುದು ನ್ಯಾಯ. ಬರೆಯಲು ಕೈ ಬರುತ್ತಿಲ್ಲ. ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿ, ಅತ್ತಿಗೆ ನಿನ್ನ ಕ್ಷಮೆ ಕೇಳಿದ್ದಾಳೆ ಅನ್ನಿ. ಆಮೇಲೆ ಬನ್ನಿ.

ಎಂದೆಂದಿಗೂ ನಿಮ್ಮವಳೇ ಆದ,
ಜ್ವಾಲಾಮಾಲಿನಿ

ಸಹಿ ಮಾಡಿದ ಮೇಲೆ ಬರೆದದ್ದು: ಮಾವನವರು ಮದುವೆಯ ಬಟ್ಟೆ ಖರೀದಿಗೆ ದಾವಣಗೆರೆಗೆ ಹೋಗಿದ್ದಾರೆಂದು ನೀವು ತಿಳಿದಿದ್ದೀರಿ. ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರು. ಆಟದಲ್ಲಿ ನನ್ನ ಪಕ್ಕ ಕೂತವರೂ ಅವರೇ. ಮೊದಲೇ ಬರೆದಿದ್ದರೆ ನೀವು ಸಿಟ್ಟಿನಲ್ಲಿ ಮುಂದೆ ಓದುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅವರು ಶಾಯಿ, ಕಾಗದ ತಂದು ನನ್ನ ಮುಂದಿಟ್ಟು, "ನಾ ಬರೆದ್ರೆ ಅವ ನಂಬಲ್ಲ. ಅವತ್ತು ನಾ ಹೇಳಿದ್ದು ನೀ ಬರ್ದೆ. ಇವತ್ತು ನಿಂದು ನೀನು ಬರಿ ಮಗಾ" ಅಂದು ಮೊದಲ ಬಸ್ಸಿಗೆ ಸಾಗರಕ್ಕೆ ಹೊರಟರು, ಬೀಗರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿಕ್ಕೆ. ಸಂಬಂಧ ಉಳಿಯುತ್ತದೋ ಮುರಿಯುತ್ತದೋ ತಿಳಿಯದು. ಶುಕ್ರವಾರ ಮನೆಗೆ ಬರುತ್ತಾರೆ. ಮೊದಲು ಕಾಲು ತೊಳೆಯಲು ನೀರು ಕೊಡಿ, ಊಟಕ್ಕೆ ಬಡಿಸಿ. ಜಗಳ ಆಮೇಲೆ ಆಡಿ.